‘ನಾಳಿಂದ ಬರಬ್ಯಾಡ’ ಅಂದ್ರ ಮುಗೀತಾ? ಕೆಲಸದಿಂದ ತೆಗೆಯುವಾಗ ನೋಟಿಸ್, ಪರಿಹಾರದ ಲೆಕ್ಕ

ಕದರಮಂಡಲಗಿಯ ಕಿರಾಣಿ ಅಂಗಡಿಯಿಂದ ಹಿಡಿದು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ವರೆಗೆ ಕೆಲಸಕ್ಕೆ ಸೇರಿಸೋದೂ ಬಾಯಿಮಾತಲ್ಲೇ, ಬಿಡಿಸೋದೂ ಬಾಯಿಮಾತಲ್ಲೇ. ‘ನಾಳಿಂದ ಬರಬ್ಯಾಡ’ ಅಂದರೆ ಲೆಕ್ಕ ಚುಕ್ತಾ ಅಂತ ಮಾಲೀಕರೂ ಕೆಲಸಗಾರರೂ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ.

ಒಂದು ವರ್ಷ ಸತತ ದುಡಿದವರನ್ನು ‘ವ್ಯಾಪಾರ ಇಲ್ಲ, ಆಳು ಹೆಚ್ಚಾಯ್ತು’ ಎಂದು ತೆಗೆಯುವುದಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ಅದರ ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರ. ಕೊನೆಗೆ ಉಳಿದದ್ದು ಆರು ತಿಂಗಳಿಗಿಂತ ಹೆಚ್ಚಿದ್ದರೆ ಅದೂ ಒಂದು ವರ್ಷ. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಂ ಹೇಳಿದ್ದು ಇದನ್ನೇ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಲೆಕ್ಕ ಹಾಗೇ ಇದೆ.

ತಿಂಗಳಿಗೆ 12,000 ರೂಪಾಯಿಯಂತೆ 6 ವರ್ಷ 8 ತಿಂಗಳು ದುಡಿದವರಿಗೆ ಏಳು ವರ್ಷ ಹಿಡಿದು 42,000 ಪರಿಹಾರ, ನೋಟಿಸ್ ಇಲ್ಲದಿದ್ದರೆ 12,000 ಸೇರಿ 54,000. ಗ್ರಾಚ್ಯುಟಿ ಇದ್ದರೆ ಅದು ಬೇರೆ.

‘ನಮ್ಮದು ಅಂಗಡಿ, ಫ್ಯಾಕ್ಟರಿ ಅಲ್ಲ’ ಎಂಬ ವಾದ ನಡೆಯುವುದಿಲ್ಲ. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಕೈಗಾರಿಕೆ’ ಎಂಬ ಪದವನ್ನು ಬಹಳ ವಿಶಾಲವಾಗಿ ಅರ್ಥೈಸಿತು. ಇನ್ನು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಜಾರಿಯಲ್ಲಿರುವ ಪೇಟೆಗಳಲ್ಲಿ ಆರು ತಿಂಗಳ ಸೇವೆಗೇ ಒಂದು ತಿಂಗಳ ನೋಟಿಸ್ ಬೇಕು, ಸರಿಯಾದ ಕಾರಣವೂ ಬೇಕು. ನಿಮ್ಮೂರು ಅದರಡಿ ಬರುತ್ತದೆಯೇ ಎಂದು ಕಾರ್ಮಿಕ ನಿರೀಕ್ಷಕರನ್ನು ಕೇಳಿ. ಕಳ್ಳತನದಂಥ ಆರೋಪ ಇದ್ದರೆ ನೋಟಿಸ್ ಬೇಡ, ಆದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು.

ಕೇಸು ಬೀಳುವುದು ಮಾತ್ರ ಕಾನೂನಿನಿಂದಲ್ಲ, ದಾಖಲೆಯಿಂದ. ಒಂದು ವರ್ಷ ಎಂದರೆ ಹಿಂದಿನ 12 ತಿಂಗಳಲ್ಲಿ 240 ದಿನ. ಸಂಬಳ ಸಹಿತ ಭಾನುವಾರ, ರಜೆಗಳೂ ಎಣಿಕೆಗೆ ಬರುತ್ತವೆ. ಇದನ್ನು ತೋರಿಸಬೇಕಾದವನು ಕೆಲಸಗಾರ. ನಮ್ಮ ರಾಜ್ಯದ ಅರಣ್ಯ ಇಲಾಖೆಯ ದಿನಗೂಲಿಯವರೊಬ್ಬರ ಹಡಿಮನಿ ಪ್ರಕರಣದಲ್ಲಿ (2002) ಬರೀ ಅಫಿಡವಿಟ್ ಸಾಲದು ಎಂದ ಸುಪ್ರೀಂ ಕೋರ್ಟ್, ಕೆಳಗೆ ಸಿಕ್ಕಿದ್ದ ಆದೇಶವನ್ನೂ ರದ್ದು ಮಾಡಿತು. ಯಲ್ಲಟ್ಟಿ ಪ್ರಕರಣದಲ್ಲಿ (2005) ಅಧಿಕಾರಿ ಕೊಟ್ಟಿದ್ದ ಒಂದು ಸೇವಾ ಪ್ರಮಾಣಪತ್ರ ಕೈಯಲ್ಲಿತ್ತು, ಆ ದಿನಗೂಲಿ ಗೆದ್ದರು. ಮಸ್ಟರ್ ರೋಲ್ ತರಿಸುವಂತೆ ಕೆಲಸಗಾರ ಕೋರ್ಟನ್ನು ಕೇಳಬಹುದು ಎಂದೂ ಆ ತೀರ್ಪು ಹೇಳಿದೆ.

ಹಾಗಾಗಿ ಸಂಬಳ ಫೋನ್‌ಪೇಗೆ ಬಂದರೆ ಅದರ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ, ಹಾಜರಿ ಪುಸ್ತಕದ ಫೋಟೊ ತೆಗೆದುಕೊಳ್ಳಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ, ನಾಳೆ ಅದೇ ರಾಜೀನಾಮೆ ಪತ್ರ ಆದೀತು. ಮಾಲೀಕರಿಗೂ ಇದೇ ಮಾತು: ಕೊಟ್ಟ ದುಡ್ಡಿಗೆ ವೋಚರ್ ಇಲ್ಲದಿದ್ದರೆ ಕೊಟ್ಟಿದ್ದೇನೆ ಎಂದು ನಂಬಿಸುವುದು ಕಷ್ಟ. ಸೀಸನ್‌ಗೆ ಮೂರ್ನಾಲ್ಕು ತಿಂಗಳು ಮಾತ್ರ ಬರುವವರಿಗೆ 240 ದಿನ ತುಂಬುವುದೇ ಇಲ್ಲ, ಅವರಿಗೆ ಈ ಪರಿಹಾರ ಸಿಗುವುದಿಲ್ಲ.

ತೆಗೆದ ಮೇಲೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಕೊಡದಿದ್ದರೆ, ತೆಗೆದದ್ದೇ ತಪ್ಪು ಎನಿಸಿದರೆ, ಮೊದಲು ಕಾರ್ಮಿಕ ಇಲಾಖೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ರಾಜಿ ಮಾತುಕತೆ 45 ದಿನದಲ್ಲಿ ಮುಗಿಯದಿದ್ದರೆ ನ್ಯಾಯಮಂಡಳಿಗೆ ನೇರ ಹೋಗಬಹುದು. ಹಳೇ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದ ಗಡುವಿತ್ತು, ಹೊಸ ಸಂಹಿತೆಯಲ್ಲಿ 2 ವರ್ಷ.