ನ್ಯಾನೋ ಪಠ್ಯ ಸಂಪಾದಕ: ಕಡತ ಉಳಿಸುವ ಕ್ರಮ

ಲಿನಕ್ಸ್ ಗಣಕಯಂತ್ರದ ಟರ್ಮಿನಲ್‌ನಲ್ಲಿ ಪಠ್ಯ ಕಡತಗಳನ್ನು ತಿದ್ದಲು, 1999ರಲ್ಲಿ ರೂಪುಗೊಂಡ ನ್ಯಾನೋ ತಂತ್ರಾಂಶವು ಸರಳವಾದುದು. ಆಂಗ್ಲ ಅಕ್ಷರಗಳಲ್ಲಿ ನ್ಯಾನೋ ಎಂದು ಬೆರಳಚ್ಚಿಸಿ, ಒಂದು ತೆರಪು ಬಿಟ್ಟು ಕಡತದ ಹೆಸರನ್ನು ನಮೂದಿಸಿ ಎಂಟರ್ ಕೀಲಿ ಒತ್ತತಕ್ಕದ್ದು. ಹೆಸರು ತಪ್ಪಾದಲ್ಲಿ ಖಾಲಿ ಪುಟ ತೆರೆಯುತ್ತದೆ. ಮೂಲ ಕಡತ ಅಳಿಸಿಹೋಯಿತೆಂದು ಗಾಬರಿಪಡಬೇಕಾಗಿಲ್ಲ.

ಪರದೆಯ ಕೆಳಭಾಗದಲ್ಲಿ ಕಾಣುವ ^ ಚಿಹ್ನೆಯು ಕಂಟ್ರೋಲ್ ಕೀಲಿಯನ್ನು ಸೂಚಿಸುತ್ತದೆ. ಕಂಟ್ರೋಲ್ ಜೊತೆಗೆ ಓ ಒತ್ತಿ, ಹೆಸರನ್ನು ಪರಿಶೀಲಿಸಿ ಎಂಟರ್ ಒತ್ತಿದಲ್ಲಿ ಕಡತ ಉಳಿಯುತ್ತದೆ. ಕಂಟ್ರೋಲ್ ಜೊತೆಗೆ ಎಕ್ಸ್ ಒತ್ತಿ ನಿರ್ಗಮಿಸಬಹುದು.

ಉಳಿಸದೆ ನಿರ್ಗಮಿಸಲು ಹೊರಟಲ್ಲಿ, ತಿದ್ದುಪಡಿಗಳನ್ನು ಉಳಿಸಬೇಕೇ ಎಂಬ ಪ್ರಶ್ನೆ ಮೂಡುತ್ತದೆ. ಅವಸರದಲ್ಲಿ ಎನ್ ಒತ್ತಿದರೆ, ಹಿಂದಿನ ಬಾರಿ ಉಳಿಸಿದ ನಂತರ ಮಾಡಿದ ಕೆಲಸವೆಲ್ಲವೂ ನಷ್ಟವಾಗುತ್ತದೆ. ಸಂದೇಹವಿದ್ದಲ್ಲಿ ಕಂಟ್ರೋಲ್ ಜೊತೆಗೆ ಸಿ ಒತ್ತಿ ಕಡತಕ್ಕೆ ಹಿಂದಿರುಗತಕ್ಕದ್ದು.