ಭಾರಿ ಮಳೆ ಹಾಗೂ ಪ್ರವಾಹ ಮುನ್ನೆಚ್ಚರಿಕೆ: ಗಿರಿನಗರ ಮತ್ತು ಸುತ್ತಲಿನ ಬಡಾವಣೆಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರು ನಗರವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಪ್ರವಾಹಕ್ಕೆ ದೊಡ್ಡ ನದಿಗಳು ಕಾರಣವಲ್ಲ. ಅಲ್ಪಾವಧಿಯಲ್ಲಿ ಸುರಿದ ಮಳೆಯ ನೀರು ರಾಜಕಾಲುವೆಗಳ ಸಾಮರ್ಥ್ಯವನ್ನು ಮೀರಿದಾಗ ತಗ್ಗು ಪ್ರದೇಶಗಳು ಜಲಾವೃತವಾಗುತ್ತವೆ. ಗಿರಿನಗರ, ಹೊಸಕೆರೆಹಳ್ಳಿ ಮತ್ತು ಸುತ್ತಲಿನ ಬಡಾವಣೆಗಳು ವೃಷಭಾವತಿ ಕಣಿವೆಗೆ ಸೇರಿವೆ. ಎತ್ತರದ ಬಡಾವಣೆಗಳಲ್ಲಿ ಬಿದ್ದ ನೀರು ಕಾಲುವೆಗಳ ಮೂಲಕ ವೃಷಭಾವತಿಯನ್ನೂ, ಮುಂದೆ ಅರ್ಕಾವತಿಯನ್ನೂ ಸೇರುತ್ತದೆ.

2020ರ ಅಕ್ಟೋಬರ್ 23ರ ಸಂಜೆ ನಗರದ ದಕ್ಷಿಣ ಭಾಗದಲ್ಲಿ ಸುರಿದ ಮಳೆಗೆ ಹೊಸಕೆರೆಹಳ್ಳಿಯ ರಾಜಕಾಲುವೆ ಉಕ್ಕಿ, ದತ್ತಾತ್ರೇಯ ನಗರ ಮೊದಲಾದೆಡೆ ನೂರಾರು ಮನೆಗಳಿಗೆ ನೀರು ನುಗ್ಗಿತು. ವಾಹನಗಳು ಕೊಚ್ಚಿಹೋದವು, ದವಸ ಧಾನ್ಯ, ಬಟ್ಟೆ, ಕಾಗದಪತ್ರಗಳು ಹಾಳಾದವು. ಇಂತಹ ಸಂದರ್ಭದಲ್ಲಿ ನಾಗರಿಕರಿಗೆ ದೊರೆಯುವ ಕಾಲಾವಕಾಶ ಅತ್ಯಲ್ಪ. ಆದುದರಿಂದ ಎಚ್ಚರಿಕೆಯ ಅರ್ಥವನ್ನು ಮಳೆಗಾಲಕ್ಕೆ ಮೊದಲೇ ತಿಳಿದಿರುವುದು ಅವಶ್ಯಕ.

2. ಮುನ್ಸೂಚನೆ ನೀಡುವ ಸಂಸ್ಥೆಗಳು

ಭಾರತೀಯ ಹವಾಮಾನ ಇಲಾಖೆಯು ಜಿಲ್ಲಾವಾರು ಮಳೆಯ ಮುನ್ಸೂಚನೆಯನ್ನೂ, ಮುಂದಿನ ಸುಮಾರು 3 ಗಂಟೆಗಳಿಗೆ ಅನ್ವಯಿಸುವ ತಕ್ಷಣದ ಮುನ್ಸೂಚನೆಯನ್ನೂ ಪ್ರಕಟಿಸುತ್ತದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸ್ವಯಂಚಾಲಿತ ಮಳೆಮಾಪಕಗಳ ಮೂಲಕ ಮಾಹಿತಿ ಸಂಗ್ರಹಿಸುತ್ತದೆ. ಈ ಕೇಂದ್ರದ 'ವರುಣಮಿತ್ರ' ಸಹಾಯವಾಣಿ (92433 45433) ಹಾಗೂ 'ಬೆಂಗಳೂರು ಮೇಘಸಂದೇಶ' ಮೊಬೈಲ್ ತಂತ್ರಾಂಶದಿಂದಲೂ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ತಂತ್ರಾಂಶದಿಂದಲೂ ಮಾಹಿತಿ ಪಡೆಯಬಹುದು.

ವಿಶೇಷ ಸೂಚನೆ: ಗಿರಿನಗರವು ಬೆಂಗಳೂರು ನಗರ ಜಿಲ್ಲೆಗೆ ಸೇರಿದೆ. 'ಬೆಂಗಳೂರು ದಕ್ಷಿಣ ಜಿಲ್ಲೆ' ಎಂಬುದು ಹಿಂದಿನ ರಾಮನಗರ ಜಿಲ್ಲೆಗೆ 2025ರಲ್ಲಿ ನೀಡಲಾದ ಹೆಸರು. ಮುನ್ಸೂಚನೆಯನ್ನು ಓದುವಾಗ ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

3. ಮಳೆಯ ಪ್ರಮಾಣ ಮತ್ತು ಬಣ್ಣಗಳ ಅರ್ಥ

24 ಗಂಟೆಗಳ ಅವಧಿಯ ಮಳೆಯನ್ನು ಈ ಕೆಳಕಂಡಂತೆ ವರ್ಗೀಕರಿಸಲಾಗಿದೆ:

ಭಾರಿ ಮಳೆ: 64.5 ರಿಂದ 115.5 ಮಿ.ಮೀ.
ಅತಿ ಭಾರಿ ಮಳೆ: 115.6 ರಿಂದ 204.4 ಮಿ.ಮೀ.
ಅತ್ಯಂತ ಭಾರಿ ಮಳೆ: 204.5 ಮಿ.ಮೀ. ಮತ್ತು ಅದಕ್ಕಿಂತ ಹೆಚ್ಚು

64.5 ಮಿ.ಮೀ. ಮಳೆಯೆಂದರೆ 30×40 ಅಡಿ ಅಳತೆಯ ಒಂದು ನಿವೇಶನದ ಮೇಲೆ ಸುಮಾರು 7,000 ಲೀಟರ್ ನೀರು ಬಿದ್ದಂತೆ. ಕಾಂಕ್ರೀಟ್ ಹಾಗೂ ಡಾಂಬರು ಹಾಸಿದ ಬಡಾವಣೆಯಲ್ಲಿ ಇದರ ಬಹುಪಾಲು ಇಂಗದೆ ಚರಂಡಿ ಸೇರುತ್ತದೆ. 2024ರ ಜೂನ್ 2ರಂದು ನಗರದಲ್ಲಿ 111.1 ಮಿ.ಮೀ. ಮಳೆಯಾಗಿ, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆಯನ್ನು ಮೀರಿತು.

ಹಸಿರು: ಎಚ್ಚರಿಕೆ ಇಲ್ಲ.
ಹಳದಿ: ಗಮನವಿರಲಿ, ಮುಂದಿನ ಮಾಹಿತಿಯನ್ನು ನೋಡುತ್ತಿರಬೇಕು.
ಕಿತ್ತಳೆ: ಸಿದ್ಧರಾಗಿರಬೇಕು.
ಕೆಂಪು: ಕೂಡಲೇ ಕ್ರಮ ಕೈಗೊಳ್ಳಬೇಕು.

4. ಮುನ್ಸೂಚನೆಯ ಮಿತಿ

ಬಣ್ಣದ ಎಚ್ಚರಿಕೆಯು ಇಡೀ ಜಿಲ್ಲೆಗೆ ಅನ್ವಯಿಸುತ್ತದೆಯೇ ಹೊರತು ನಿರ್ದಿಷ್ಟ ರಸ್ತೆಗೆ ಅಲ್ಲ. ಯಲಹಂಕದಲ್ಲಿ ಬಿಸಿಲಿರುವಾಗ ಬನಶಂಕರಿಯಲ್ಲಿ ಧಾರಾಕಾರ ಮಳೆಯಾಗಬಹುದು. 24 ಗಂಟೆಗಳಲ್ಲಿ ಹಂಚಿ ಸುರಿದರೆ ತೊಂದರೆ ಕೊಡದ ಮಳೆಯು ಒಂದೇ ಗಂಟೆಯಲ್ಲಿ ಸುರಿದರೆ ಕಾಲುವೆ ಉಕ್ಕುತ್ತದೆ. ಮೇಲ್ಭಾಗದ ಬಡಾವಣೆಯಲ್ಲಿ ಮಳೆಯಾದರೆ, ತಮ್ಮ ಬೀದಿಯಲ್ಲಿ ಮಳೆ ನಿಂತ ಮೇಲೂ ನೀರು ಏರಬಹುದು. ಆದ್ದರಿಂದ ರಾಜಕಾಲುವೆಯ ಪಕ್ಕದಲ್ಲಿ, ನೆಲಮಾಳಿಗೆಯಲ್ಲಿ ಅಥವಾ ರಸ್ತೆಗಿಂತ ತಗ್ಗಿನ ಮನೆಗಳಲ್ಲಿ ವಾಸಿಸುವವರು ಹಳದಿ ಎಚ್ಚರಿಕೆಯನ್ನೂ ಕಡೆಗಣಿಸಬಾರದು. ಕೆಂಪು ಬಣ್ಣಕ್ಕಾಗಿ ಕಾಯುವುದು ಅಪಾಯಕರ.

5. ನಾಗರಿಕರು ಅನುಸರಿಸಬೇಕಾದ ಕ್ರಮಗಳು

(ಅ) ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕ, ಮನೆಯ ಕ್ರಯಪತ್ರ ಅಥವಾ ಬಾಡಿಗೆ ಕರಾರು ಪತ್ರ, ಮಕ್ಕಳ ಅಂಕಪಟ್ಟಿ ಇವುಗಳನ್ನು ನೀರು ತಾಗದ ಚೀಲದಲ್ಲಿಟ್ಟು ಎತ್ತರದ ಸ್ಥಳದಲ್ಲಿ ಇಡಬೇಕು.

(ಆ) ನೀರು ಒಳಬರುವ ಮೊದಲೇ ವಿದ್ಯುತ್ ಮೇನ್ ಸ್ವಿಚ್ ಮತ್ತು ಅಡುಗೆ ಅನಿಲದ ರೆಗ್ಯುಲೇಟರ್ ಬಂದ್ ಮಾಡಬೇಕು. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟಬಾರದು.

(ಇ) ವೃದ್ಧರು, ಮಕ್ಕಳು, ಗರ್ಭಿಣಿಯರು ಹಾಗೂ ಅಂಗವಿಕಲರನ್ನು ಬೆಳಕಿರುವಾಗಲೇ ಮೇಲಂತಸ್ತಿಗೆ ಅಥವಾ ಬಂಧುಗಳ ಮನೆಗೆ ಕಳುಹಿಸುವುದು ಸೂಕ್ತ.

(ಈ) ನೀರು ನಿಂತ ಕೆಳಸೇತುವೆಯಲ್ಲಿ ವಾಹನ ಚಲಾಯಿಸಬಾರದು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಮೃತಪಟ್ಟರು.

(ಉ) ನೀರು ಹರಿಯಲೆಂದು ಮ್ಯಾನ್‌ಹೋಲ್ ಮುಚ್ಚಳ ತೆರೆಯಬಾರದು. ಕಾಲುವೆಗೆ ಕಸ ಹಾಗೂ ಕಟ್ಟಡ ತ್ಯಾಜ್ಯ ಸುರಿಯಬಾರದು.

(ಊ) ಸಂಪಿಗೆ ಚರಂಡಿ ನೀರು ಸೇರಿದ್ದಲ್ಲಿ ಅದನ್ನು ಖಾಲಿ ಮಾಡಿಸಿ ಶುಚಿಗೊಳಿಸುವವರೆಗೆ ಬಳಸಬಾರದು.

6. ಹಾನಿ ಸಂಭವಿಸಿದಲ್ಲಿ ಪರಿಹಾರ ಕೋರುವ ವಿಧಾನ

ಮನೆಯನ್ನು ಶುಚಿಗೊಳಿಸುವ ಮೊದಲು ನೀರಿನ ಮಟ್ಟದ ಗುರುತು ಹಾಗೂ ಹಾಳಾದ ವಸ್ತುಗಳ ಛಾಯಾಚಿತ್ರ ತೆಗೆದುಕೊಳ್ಳಬೇಕು. ನಂತರ ಸ್ಥಳೀಯ ನಗರ ಪಾಲಿಕೆ ಅಥವಾ ಕಂದಾಯ ಅಧಿಕಾರಿಗಳಿಗೆ ವಿಳಾಸದ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುವಾಗ ಕುಟುಂಬದ ಒಬ್ಬರಾದರೂ ಹಾಜರಿರುವುದು ಒಳ್ಳೆಯದು. ಮನೆಯೊಳಗಿನ ವಸ್ತುಗಳ ನಷ್ಟವು ಅಲ್ಲಿ ವಾಸವಿದ್ದ ಕುಟುಂಬದ್ದು. ಬಾಡಿಗೆದಾರರು ಸಹ ತಮ್ಮ ಹೆಸರಿನಲ್ಲಿಯೇ ಅರ್ಜಿ ಸಲ್ಲಿಸಬೇಕು.

ಪರಿಹಾರದ ಮೊತ್ತವನ್ನು ಕಾಲಕಾಲಕ್ಕೆ ಸರ್ಕಾರದ ಆದೇಶದ ಮೂಲಕ ನಿಗದಿಪಡಿಸಲಾಗುತ್ತದೆ. 2020ರ ಘಟನೆಯಲ್ಲಿ ಅಂದಿನ ಮುಖ್ಯಮಂತ್ರಿ ಶ್ರೀ ಬಿ.ಎಸ್. ಯಡಿಯೂರಪ್ಪ ಅವರು ನೀರು ನುಗ್ಗಿದ ಮನೆಗಳಿಗೆ ತಲಾ ರೂ. 25,000 ಘೋಷಿಸಿದ್ದರು. 2022ರಿಂದ 2026ರವರೆಗಿನ ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾರ್ಗಸೂಚಿಯಲ್ಲಿ ಪ್ರಾಣಹಾನಿಗೆ ರೂ. 4 ಲಕ್ಷ ನಿಗದಿಯಾಗಿತ್ತು. ಅರ್ಜಿದಾರರು ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಆದೇಶವನ್ನು ಕಚೇರಿಯಲ್ಲಿ ವಿಚಾರಿಸತಕ್ಕದ್ದು.

7. ತುರ್ತು ದೂರವಾಣಿ ಸಂಖ್ಯೆಗಳು

ತುರ್ತು ಸೇವೆ: 112
ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077
ನಗರ ಪಾಲಿಕೆ ಸಹಾಯವಾಣಿ: 1533
ಬೆಸ್ಕಾಂ: 1912
ಜಲಮಂಡಳಿ: 1916

ಸಾರ್ವಜನಿಕರು ಈ ಮಾಹಿತಿಯನ್ನು ನೆರೆಹೊರೆಯವರಿಗೂ, ವಿಶೇಷವಾಗಿ ತಗ್ಗು ಮನೆಗಳಲ್ಲಿ ವಾಸಿಸುವ ಹಿರಿಯ ನಾಗರಿಕರಿಗೂ ತಿಳಿಸಿ ಸಹಕರಿಸಬೇಕೆಂದು ಕೋರಲಾಗಿದೆ.