ಗುಳ್ಳೆಗಳನ್ನು ಅಳೆದವರು



ಮಾಟುಂಗಾ ಎಂದ ಕೂಡಲೇ ಮುಂಬಯಿ ಕನ್ನಡಿಗರಿಗೆ ನೆನಪಾಗುವುದು 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್, ಆಮೇಲೆ ಉಡುಪಿ ಹೋಟೆಲಿನ ಇಡ್ಲಿ-ಕಾಫಿ. (ಕೆಲವರಿಗೆ ಈ ಕ್ರಮ ಉಲ್ಟಾ ಇರಬಹುದು!) ಅದೇ ಮಾಟುಂಗಾದಲ್ಲಿ ಮುಂಬಯಿ ವಿಶ್ವವಿದ್ಯಾಲಯ 1933ರಲ್ಲಿ ಆರಂಭಿಸಿದ ರಾಸಾಯನಿಕ ತಂತ್ರಜ್ಞಾನ ವಿಭಾಗವೂ ಇದೆ. ಹಳಬರ ಬಾಯಲ್ಲಿ ಅದು ಯುಡಿಸಿಟಿ. 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಗಿ, ಈಗ ಐಸಿಟಿ. ಅಲ್ಲಿನ ಒಂದು ಗುಂಪು ವರ್ಷಗಟ್ಟಲೆ ಮಾಡಿದ ಕೆಲಸ ಏನು ಗೊತ್ತೆ? ದ್ರವದಲ್ಲಿ ಏಳುವ ಗುಳ್ಳೆಗಳನ್ನು ಅಳೆಯುವುದು.

ನಗಬೇಡಿ. ಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯಾ ತಯಾರಿಸುವ ಮೊದಲು ಅನಿಲದಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ದ್ರವವೊಂದಕ್ಕೆ ಹೀರಿಸಿ ತೆಗೆಯಬೇಕು. ಹೀರುವ ವೇಗ ನಿಂತಿರುವುದು ಅನಿಲವೂ ದ್ರವವೂ ಎಷ್ಟು ಜಾಗದಲ್ಲಿ ಒಂದಕ್ಕೊಂದು ತಾಗುತ್ತವೆ ಎಂಬುದರ ಮೇಲೆ. ಲೆಕ್ಕ ತಪ್ಪಿ ಗೋಪುರ ಚಿಕ್ಕದಾದರೆ ಕೆಲಸ ಕೆಡುತ್ತದೆ, ದೊಡ್ಡದಾದರೆ ದುಡ್ಡು ದಂಡ. ಆ ಲೆಕ್ಕ ನಮಗೇ ಬಾರದಿದ್ದರೆ ಹೊರದೇಶದವರಿಂದ ಕೊಳ್ಳಬೇಕು.

ಈ ಕಥೆಯ ಬೇರು ಕೇಂಬ್ರಿಜ್‌ನಲ್ಲಿದೆ. ಅಲ್ಲಿನ ಪ್ರಾಧ್ಯಾಪಕ ಪೀಟರ್ ಡ್ಯಾಂಕ್‌ವರ್ಟ್ಸ್ ಸಾಮಾನ್ಯ ಮೇಷ್ಟರಲ್ಲ. 1940ರಲ್ಲಿ ಜರ್ಮನ್ನರು ಲಂಡನ್ ಮೇಲೆ ಪ್ಯಾರಾಚೂಟಿನಿಂದ ಇಳಿಸಿದ ಮೈನ್‌ಗಳಲ್ಲಿ 16ನ್ನು, ಹೆಚ್ಚುಕಡಿಮೆ ನಿದ್ದೆಯಿಲ್ಲದೆ 48 ಗಂಟೆಗಳಲ್ಲಿ ನಿಷ್ಕ್ರಿಯಗೊಳಿಸಿ ಜಾರ್ಜ್ ಕ್ರಾಸ್ ಪಡೆದವರು. ಅನಿಲ ತಾಗುವ ಕಡೆ ದ್ರವದ ಮೇಲೊಂದು ಕದಲದ ಪದರವಿರುತ್ತದೆ ಎಂದು ಆಗ ಎಂಜಿನಿಯರುಗಳು ಲೆಕ್ಕ ಹಾಕುತ್ತಿದ್ದರು, ಆರಿದ ಹಾಲಿನ ಕೆನೆಯ ಹಾಗೆ. 1951ರಲ್ಲಿ ಡ್ಯಾಂಕ್‌ವರ್ಟ್ಸ್ ಹೇಳಿದ್ದು ಬೇರೆ: ಕೆನೆಯಲ್ಲ, ಕುದಿಯುವ ಸಾರು! ಒಳಗಿನಿಂದ ಹೊಸ ದ್ರವ ಸದಾ ಮೇಲೆ ಬರುತ್ತದೆ, ಹಳೆಯದು ಕೆಳಗಿಳಿಯುತ್ತದೆ.

ಜೋಧಪುರದಲ್ಲಿ ಹುಟ್ಟಿ ಯುಡಿಸಿಟಿಯಲ್ಲಿ ಓದಿದ ಎಂ.ಎಂ. ಶರ್ಮಾ ಈ ಗುರುವಿನ ಬಳಿ ಪಿಎಚ್.ಡಿ. ಮಾಡಿದರು. 1964ರಲ್ಲಿ ಹಿಂದಿರುಗಿ ಅದೇ ಯುಡಿಸಿಟಿಯಲ್ಲಿ ಪ್ರೊಫೆಸರ್ ಆದಾಗ ಅವರ ವಯಸ್ಸು ಬರೀ 27.

ಬುಸಬುಸನೆ ನೊರೆಯೇಳುವ ಕೊಳವೆಯಲ್ಲಿ ಗುಳ್ಳೆಗಳ ಒಟ್ಟು ಮೈಯಳತೆ ಕಂಡುಹಿಡಿಯುವುದು ಹೇಗೆ? ಕಣ್ಣಿನಿಂದ ಆಗದು. ಶರ್ಮಾ ಮತ್ತು ಡ್ಯಾಂಕ್‌ವರ್ಟ್ಸ್ ಬೆಳೆಸಿದ ಉಪಾಯವೆಂದರೆ ಆ ಕೆಲಸವನ್ನು ರಸಾಯನಕ್ಕೇ ಒಪ್ಪಿಸುವುದು. ಗಾಳಿಯಲ್ಲಿ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬೆರೆಸಿ ಕಾಸ್ಟಿಕ್ ಸೋಡಾ ದ್ರಾವಣದೊಳಗೆ ಬಿಡಿ. ಕ್ರಿಯೆ ಎಷ್ಟು ಚುರುಕೆಂದರೆ ಎಲ್ಲವೂ ಗುಳ್ಳೆಯ ಅಂಚಿನಲ್ಲೇ ಮುಗಿಯುತ್ತದೆ. ಒಂದು ಚದರ ಸೆಂಟಿಮೀಟರ್ ಮೈ ಒಂದು ಸೆಕೆಂಡಿಗೆ ಎಷ್ಟು ಹೀರುತ್ತದೆ ಎಂಬುದು ಮೊದಲೇ ಗೊತ್ತು. ಒಟ್ಟು ಹೀರಿದ್ದನ್ನು ಅದರಿಂದ ಭಾಗಿಸಿದರೆ ಆಯಿತು, ಉತ್ತರ ಕೈಯಲ್ಲಿ! ಕನ್ನಡ ಬಿ.ಎ. ಓದಿದ ನನಗೂ ಅರ್ಥವಾಗುವ ಲೆಕ್ಕ ಇದು. ನಮ್ಮ ಕಾಲೇಜುಗಳಲ್ಲಿರುವ ಬ್ಯುರೆಟ್, ಪಿಪೆಟ್‌ಗಳಿಂದಲೇ ಅಳೆಯಬಹುದಾದದ್ದು ಎಂಬುದು ನನಗೆ ಇದರಲ್ಲಿ ತುಂಬಾ ಹಿಡಿಸಿದ ಸಂಗತಿ.

ಮುಂದಿನ ಪ್ರಶ್ನೆ ಹರಿವಿನದು: ಗುಳ್ಳೆಗಳ ಸುತ್ತ ದ್ರವ ಹೇಗೆ ಓಡುತ್ತದೆ? ಶರ್ಮಾ ಅವರ ಬಳಿ 1977ರಲ್ಲಿ ಪಿಎಚ್.ಡಿ. ಮುಗಿಸಿದ ಜೆ.ಬಿ. ಜೋಶಿ, 1979ರಲ್ಲಿ ಗುರುವಿನ ಜೊತೆಗೇ ಒಂದು ಉತ್ತರ ಕೊಟ್ಟರು. ಅನ್ನ ಕುದಿಯುವ ಪಾತ್ರೆ ನೋಡಿದ್ದೀರಲ್ಲ? ದ್ರವ ನಡುವೆ ಏರುತ್ತದೆ, ಅಂಚಿನಲ್ಲಿ ಇಳಿಯುತ್ತದೆ. ಎತ್ತರದ ಕೊಳವೆಯಲ್ಲಿ ಇಂಥ ಸುತ್ತುಗಳು ಒಂದರ ಮೇಲೊಂದು ಕೂತಿರುತ್ತವೆ, ಪ್ರತಿಯೊಂದರ ಎತ್ತರ ಸುಮಾರು ಕೊಳವೆಯ ವ್ಯಾಸದಷ್ಟೇ ಎಂದು ಅವರ ಮಾದರಿ. ಲೇಸರ್ ಮತ್ತು ಕಂಪ್ಯೂಟರ್ ಬಂದ ಮೇಲೆ ಒಳಗಿನ ಹರಿವು ಇಷ್ಟು ಅಚ್ಚುಕಟ್ಟಲ್ಲ ಎಂದು ಕಂಡಿತು. ಅದನ್ನು ಬಿಡಿಸಿ ನೋಡಿದವರಲ್ಲಿ ಜೋಶಿಯವರ ಗುಂಪೂ ಒಂದು.

ಪುಣೆಯ ಕೇಳುಗರು ಬೇಸರಿಸಬೇಡಿ, ನಿಮಗೂ ಇದರಲ್ಲಿ ಪಾಲಿದೆ. ಬೀದಿದೀಪದ ಕೆಳಗೆ ಓದಿ ಬೆಳೆದ ರಘುನಾಥ ಮಾಶೇಲ್ಕರ್ 1969ರಲ್ಲಿ ಪಿಎಚ್.ಡಿ. ಪಡೆದದ್ದು ಇದೇ ಶರ್ಮಾ ಅವರ ಬಳಿ. ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಕೆಲವು ವರ್ಷ ಇದ್ದು, 1976ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ಬಂದರು. ಅಲ್ಲಿ ಅವರು ಹಿಡಿದದ್ದು ನೀರಿನಂತೆ ಸಲೀಸಾಗಿ ಹರಿಯದೆ, ಬೆಂಡೆಕಾಯಿ ಲೋಳೆಯಂತೆ ಎಳೆಎಳೆಯಾಗಿ ಜಗ್ಗುವ ಪಾಲಿಮರ್ ದ್ರವಗಳ ಹರಿವನ್ನು. ರಾಯಲ್ ಸೊಸೈಟಿ 1990ರಲ್ಲಿ ಗುರುವನ್ನೂ 1998ರಲ್ಲಿ ಈ ಶಿಷ್ಯನನ್ನೂ ತನ್ನ ಫೆಲೊ ಆಗಿ ಆರಿಸಿತು.